ಮರಿಯ ತಾಯಿಯನ್ನು ನೋಡಿದಿರಾ?

ಮನೆಗೊಂದು ನಾಯಿಮರಿ ತರಬೇಕೆಂದು ಮನಸ್ಸು ಮಾಡಿರುವ ಮೈಸೂರಿನ ಅಗ್ರಹಾರದ ಎಲ್ಲ ಮನೆಗಳ ಹಿರಿಯರಿಗೆ, ಕಿರಿಯರಿಗೆ,



ವಾಣಿವಿಲಾಸ ಮಾರುಕಟ್ಟೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಚೀಲಕ್ಕೆ ಹಾಕಿಕೊಳ್ಳುವವರು ನೀವಲ್ಲ. ಒಂದು ಹೊತ್ತಿನ ಹುಳಿಗೆ ಆಗಿಹೋಗುವ ಪದಾರ್ಥಕ್ಕೆ ಇಷ್ಟು ಪರೀಕ್ಷೆ. ಹತ್ತು ಹನ್ನೆರಡು ವರ್ಷ ಮನೆಯಲ್ಲೇ ಉಂಡು, ಮಲಗಿ, ಮುದಿಯಾಗಿ, ಮಕ್ಕಳ ಎದುರಿಗೇ ಕಣ್ಣು ಮುಚ್ಚಬೇಕಾದ ಜೀವವನ್ನು ಮಾತ್ರ ಫೋನಿಗೆ ಬಂದ ನಾಲ್ಕು ಫೋಟೊ ನೋಡಿ ಗೊತ್ತುಮಾಡಿಬಿಡುತ್ತೇವೆ. ಮುಂಗಡವೂ ಫೋನಿನಲ್ಲೇ ಹೋಗುತ್ತದೆ. ಯಾವುದೋ ಸರ್ಕಲ್ಲಿನಲ್ಲಿ, ಕಾರಿನ ಡಿಕ್ಕಿಯಿಂದಲೋ ಸ್ಕೂಟರಿನ ಮೇಲಿಂದಲೋ, ರಟ್ಟಿನ ಪೆಟ್ಟಿಗೆಯೊಂದು ಕೈಗೆ ಬರುತ್ತದೆ. ಗಂಡೋ ಹೆಣ್ಣೋ, ಬಣ್ಣ ಯಾವುದು, ಒಂದು ಸಾವಿರ ಬಿಡುತ್ತೀರಾ, ಇಷ್ಟಕ್ಕೆ ವಿಚಾರಣೆ ಮುಗಿಯಿತು. ಅದರ ತಾಯಿ ಎಲ್ಲಿದೆ ಎಂದು ಕೇಳುವವರು ಕಡಿಮೆ. ನೀವು ಕೇಳುವಂತಾಗಲಿ ಎಂದೇ ಈ ಪತ್ರ.

ನಾಯಿಯನ್ನು ದುಡ್ಡು ಕೊಟ್ಟು ಕೊಳ್ಳಬೇಕೋ, ಆಶ್ರಯಧಾಮದಿಂದ ದತ್ತು ತರಬೇಕೋ ಎಂಬ ವಾದ ಈಗ ಎಲ್ಲ ಕಡೆಯೂ ನಡೆದಿದೆ. ಒಂದು ಪಕ್ಷಕ್ಕೆ ಕೊಳ್ಳುವುದೆಂದರೆ ಪಾಪ. ಇನ್ನೊಂದು ಪಕ್ಷಕ್ಕೆ ‘ನಮ್ಮ ದುಡ್ಡು, ನಮ್ಮ ಇಷ್ಟ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ನಾಯಿ ಸಾಕುವ ಆಸೆಯನ್ನೇ ಅಪರಾಧ ಮಾಡುವ ಉಪದೇಶ ಕೇಳಿದವರು ಮರುದಿನವೇ ಗುಟ್ಟಾಗಿ ಮುಂಗಡ ಕಳಿಸುತ್ತಾರೆ, ಅಷ್ಟೇ. ತಳಿ ಸಾಕುವವರೆಲ್ಲ ಕಟುಕರೆಂದೂ ನಾನು ಹೇಳುವುದಿಲ್ಲ. ನನ್ನ ವಾದ ಚಿಕ್ಕದು. ಮಾರಾಟದ ಮರಿಯಾಗಲಿ, ಬೀದಿಯ ಮರಿಯಾಗಲಿ, ನಮ್ಮ ಕಣ್ಣು ಮರಿಯ ಮೇಲೆ ನಿಂತುಬಿಡುತ್ತದೆ, ಹಿಂದಿರುವ ತಾಯಿಯವರೆಗೆ ಹೋಗುವುದಿಲ್ಲ. ಈ ವ್ಯಾಪಾರದಲ್ಲಿರುವ ಕೇಡೆಲ್ಲ ತಾಯಿಯನ್ನು ಮರೆಯಲ್ಲಿ ಇಟ್ಟಿರುವುದರಿಂದಲೇ ನಡೆಯುತ್ತಿದೆ. ಬೀದಿನಾಯಿಗಳ ಸಮಸ್ಯೆ ಬೆಳೆಯುವುದೂ ತಾಯಿಯನ್ನು ಮರೆತಿರುವುದರಿಂದಲೇ.

ಮೊದಲು ವ್ಯಾಪಾರದ ಲೆಕ್ಕ ನೋಡಿ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭ ಸುಮಾರು 63 ದಿನ. ಪ್ರತಿ ಬೆದೆಯಲ್ಲೂ ಗಂಡು ಬಿಟ್ಟರೆ ವರ್ಷಕ್ಕೆ ಎರಡು ಸೂಲು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2017ರಲ್ಲಿ ನಾಯಿಗಳ ತಳಿ ಬೆಳೆಸುವಿಕೆ ಮತ್ತು ಮಾರಾಟಕ್ಕೆಂದೇ ನಿಯಮಗಳನ್ನು ಹೊರಡಿಸಿದೆ. ಅವುಗಳ ಪ್ರಕಾರ ತಾಯಿಗೆ ಕನಿಷ್ಠ 18 ತಿಂಗಳು ತುಂಬಿರಬೇಕು, 8 ವರ್ಷ ಮೀರಿರಬಾರದು, 12 ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಲಸಿಕೆಯ ದಾಖಲೆ ಇಡಬೇಕು, ನಾಯಿಗೆ ಮೈಕ್ರೋಚಿಪ್ ಹಾಕಿಸಬೇಕು. ಕಾನೂನು ಬರೆದವರ ಕಣ್ಣು ತಾಯಿಯ ಮೇಲೆಯೇ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ತಾಯಿಯನ್ನು ನೋಡದೆ ಕೊಳ್ಳುವ ಗಿರಾಕಿ ಇರುವಷ್ಟು ದಿನ ಈ ನಿಯಮಗಳಲ್ಲಿ ಒಂದನ್ನೂ ಯಾರೂ ಪರೀಕ್ಷಿಸಲಾರರು. ತಾಯಿಗೆ ವಯಸ್ಸೆಷ್ಟು, ಇದು ಎಷ್ಟನೇ ಸೂಲು, ಹೋದ ಸಲ ಮರಿ ಹಾಕಿದ್ದು ಯಾವಾಗ, ಈ ಲೆಕ್ಕವೆಲ್ಲ ಆ ಮೈಯ ಮೇಲೆ, ಜೋತುಬಿದ್ದ ಮೊಲೆಗಳಲ್ಲಿ, ಉದುರಿದ ಕೂದಲಿನಲ್ಲಿ ಬರೆದಿರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಅದು ಸಿಗುವುದಿಲ್ಲ.

ಎಂಟು ವಾರದ ಮಾತನ್ನು ಇನ್ನಷ್ಟು ವಿವರಿಸಬೇಕು, ಏಕೆಂದರೆ ಹೆಚ್ಚು ಮುರಿಯುವ ನಿಯಮ ಇದೇ. ಮಾರುವವನಿಗೆ ಮೂವತ್ತೈದು ನಲವತ್ತು ದಿನದ ಮರಿಯೇ ಲಾಭ. ಆಗ ಅದು ಉಣ್ಣೆಯ ಉಂಡೆಯಂತೆ ಕಾಣುತ್ತದೆ, ತಿನ್ನುವುದು ಕಡಿಮೆ, ಲಸಿಕೆಯ ಖರ್ಚು ಕೊಳ್ಳುವವರ ಪಾಲಿಗೆ. ಮರಿಗೆ ಮಾತ್ರ ಆ ವಾರಗಳೇ ಶಾಲೆ. ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ಗಟ್ಟಿಯಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದನ್ನು ಅದು ಆಗಲೇ ಕಲಿಯುವುದು. ಹಾಗೆ ಕಲಿಯದೆ ಬಂದ ಮರಿ ನಿಮ್ಮ ಮಗುವಿನ ಕೈಯ ಮೇಲೆ ಕಲಿಯಲು ಹೊರಡುತ್ತದೆ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿಯೂ ಈ ವಾರಗಳಲ್ಲಿ ಇಳಿಯುತ್ತಾ ಬರುತ್ತದೆ, ಲಸಿಕೆಯ ರಕ್ಷಣೆ ಇನ್ನೂ ಏರಿರುವುದಿಲ್ಲ. ಈ ಸಂದಿಯಲ್ಲಿ ನುಗ್ಗುವುದು ಪಾರ್ವೊ ಎಂಬ ವೈರಸ್. ಸೋಂಕು ತಗುಲಿದ ಮರಿ ಮೂರರಿಂದ ಏಳು ದಿನ ಏನೂ ಆಗದಂತೆ ಆಡಿಕೊಂಡಿರುತ್ತದೆ, ಆಮೇಲೆ ವಾಂತಿ, ರಕ್ತಭೇದಿ. ಸರ್ಕಲ್ಲಿನಲ್ಲಿ ಬಾಲ ಆಡಿಸಿದ ಮರಿ ನಾಲ್ಕನೇ ದಿನ ಡ್ರಿಪ್ಪಿನಲ್ಲಿ ಮಲಗಿದಾಗ ಆ ಫೋನ್ ನಂಬರು ಸ್ವಿಚ್ ಆಫ್ ಆಗಿರುತ್ತದೆ. ‘ಪಾಪ, ಅಂಥ ಕಡೆಯಿಂದ ಬಿಡಿಸಿಕೊಂಡು ಬಂದ ಹಾಗಾಯಿತಲ್ಲ’ ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಬಿಡಿಸಿಕೊಂಡು ಬಂದದ್ದು ಒಂದು ಮರಿಯನ್ನು. ಕೊಟ್ಟ ದುಡ್ಡು ಅದೇ ತಾಯಿಯ ಮುಂದಿನ ಸೂಲಿಗೆ ಮುಂಗಡ.

‘ಪೇಪರ್ ಇದೆ ಸಾರ್, ಕೆಸಿಐ ಪೇಪರ್’ ಎನ್ನುವ ಮಾತಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಕೆನೆಲ್ ಕ್ಲಬ್ ಆಫ್ ಇಂಡಿಯಾ ಕೊಡುವುದು ವಂಶಾವಳಿಯ ಪತ್ರ. ಮರಿಯ ಅಪ್ಪ ಯಾರು, ಅಜ್ಜ ಯಾರು ಎಂದು ಅದು ಹೇಳುತ್ತದೆ. ತಾಯಿ ಗೂಡಿನಲ್ಲಿದೆಯೋ ಅಂಗಳದಲ್ಲಿದೆಯೋ ಎಂಬುದು ಅದರಲ್ಲಿ ಬರುವುದಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪತ್ರ ಬೇರೆ, ನೀವು ಕೇಳಬೇಕಾದದ್ದು ಅದನ್ನು. ತಾಯಿಯನ್ನು ತೋರಿಸುವುದನ್ನೇ ಕಾನೂನು ಮಾಡಿದ ಕಡೆಯೂ ಇದೆ. ಬ್ರಿಟನ್ನಿನಲ್ಲಿ ಲೂಸಿ ಎಂಬ ಹೆಣ್ಣು ನಾಯಿಯನ್ನು ಒಂದು ಮರಿ ಕಾರ್ಖಾನೆಯಿಂದ ಬಿಡಿಸಿ ತಂದಿದ್ದರು. ಅದರ ಹೆಸರಿನಲ್ಲೇ ಚಳವಳಿ ನಡೆದು, 2020ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ ಆರು ತಿಂಗಳೊಳಗಿನ ಮರಿಗಳನ್ನು ದಲ್ಲಾಳಿಗಳೂ ಅಂಗಡಿಗಳೂ ಮಾರುವುದು ನಿಂತಿತು. ಮರಿ ಬೇಕಾದವರು ಅದು ಹುಟ್ಟಿದ ಜಾಗಕ್ಕೇ ಹೋಗಿ ತಾಯಿಯ ಜೊತೆಯಲ್ಲಿ ನೋಡಬೇಕು, ಇಲ್ಲವೇ ಆಶ್ರಯಧಾಮಕ್ಕೆ ಹೋಗಬೇಕು. ಫ್ರಾನ್ಸ್ 2024ರ ಜನವರಿಯಿಂದ ಅಂಗಡಿಗಳಲ್ಲಿ ನಾಯಿ, ಬೆಕ್ಕು ಮಾರುವುದನ್ನೇ ನಿಷೇಧಿಸಿತು. ನಮ್ಮಲ್ಲೂ ಸಾಕುಪ್ರಾಣಿ ಅಂಗಡಿಗಳಿಗೆ 2018ರ ನಿಯಮಗಳಿವೆ, ನೋಂದಣಿ ಕಡ್ಡಾಯ. ಆದರೆ ಸ್ಕೂಟರಿನ ಮೇಲೆ ಬರುವ ಅಂಗಡಿಗೆ ಬೋರ್ಡೂ ಇಲ್ಲ, ಬಾಗಿಲೂ ಇಲ್ಲ. ಅದನ್ನು ಮುಚ್ಚಿಸಬಲ್ಲವರು ಗಿರಾಕಿಗಳೇ.

ಇನ್ನು ಅಗ್ರಹಾರದವರು ಬಲ್ಲಂಥ ಭಾಷೆಯಲ್ಲಿ ಒಂದು ಮಾತು. ಗೋತ್ರ ಕೇಳದೆ ಜಾತಕ ಕೈಗೆ ತೆಗೆದುಕೊಳ್ಳದ ಮನೆಗಳು ನಮ್ಮ ಬೀದಿಗಳಲ್ಲಿವೆ. ಸಗೋತ್ರ ಎಂದೊಡನೆ ಸಂಬಂಧ ಅಲ್ಲಿಗೇ ನಿಂತಿತು. (ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯೂ ನಮ್ಮಲ್ಲಿತ್ತು, ಒಪ್ಪುತ್ತೇನೆ. ಅದರಿಂದ ಮಕ್ಕಳಿಗೆ ಏನಾಗಬಹುದೆಂದು ವೈದ್ಯರು ಹೇಳಿ ಹೇಳಿ ಅದೂ ಕಡಿಮೆಯಾಯಿತು.) ಜಾತಿನಾಯಿಗಳ ಲೋಕದಲ್ಲಿ ನಡೆಯುವುದು ಇದರ ತಲೆಕೆಳಗು. ಮೂಗು ಇನ್ನಷ್ಟು ಚಪ್ಪಟೆಯಾಗಲಿ, ಬೆನ್ನು ಇನ್ನಷ್ಟು ಇಳಿಜಾರಾಗಲಿ ಎಂದು ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸುತ್ತಾರೆ. ಮಗಳಿಗೆ ತಂದೆ, ತಂಗಿಗೆ ಅಣ್ಣ. ಬೇಕಾದ ರೂಪದ ಜೊತೆಗೆ ಬೇಡದ ರೋಗವೂ ಗಟ್ಟಿಯಾಗಿ ಕೂರುತ್ತದೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳ ಸೊಂಟದ ಕೀಲು ಸಡಿಲವಾಗುವುದು ಈ ದಾರಿಯಲ್ಲಿ ಬಂದದ್ದು. ಪಗ್ ಮಲಗಿದಾಗ ಗೊರಕೆ ಹೊಡೆಯುವುದನ್ನು ನಾವು ಮುದ್ದು ಎಂದುಕೊಂಡು ನಗುತ್ತೇವೆ. ಅದು ಉಸಿರಾಡಲು ಪಡುವ ಕಷ್ಟ. ಚಪ್ಪಟೆ ಮೂತಿಯ ನಾಯಿಗಳನ್ನು ಅನೇಕ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳದಿರುವುದು ಇದೇ ಕಾರಣಕ್ಕೆ. ನಾರ್ವೆಯಲ್ಲಿ ಓಸ್ಲೊ ನ್ಯಾಯಾಲಯವು 2022ರ ಜನವರಿಯಲ್ಲಿ ಇಂಗ್ಲಿಷ್ ಬುಲ್‌ಡಾಗ್ ಮತ್ತು ಕವಲಿಯರ್ ತಳಿಗಳನ್ನು ಈಗಿರುವ ರೀತಿಯಲ್ಲಿ ಬೆಳೆಸುವುದೇ ಪ್ರಾಣಿ ಕಲ್ಯಾಣ ಕಾನೂನಿನ ಉಲ್ಲಂಘನೆ ಎಂದಿತು. ಮೇಲ್ಮನವಿಯಲ್ಲಿ ಬುಲ್‌ಡಾಗ್ ಸಾಕುವವರು ಪಾರಾದರು, ಕವಲಿಯರ್ ವಿಷಯದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ 2023ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೊಂದರಲ್ಲಿ ಹಸಿವು ತಣಿಯದಂತೆ ಮಾಡುವ ವಂಶವಾಹಿ ದೋಷವಿದೆ ಎಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಎರಡು ಹೊತ್ತು ಮೊಸರನ್ನ, ನಡುವೆ ಬಿಸ್ಕತ್ತು, ಓಡಾಟಕ್ಕೆ ಪಡಸಾಲೆ. ನಮ್ಮ ಬೀದಿಯ ಲ್ಯಾಬ್ರಡಾರ್‌ಗಳು ಪೀಪಾಯಿಯಂತಾಗಿರುವುದಕ್ಕೆ ಆ ದೋಷದ ಜೊತೆ ನಮ್ಮ ಪ್ರೀತಿಯೂ ಕೂಡಿಕೊಂಡಿದೆ.

‘ಜಾತಿನಾಯಿ’ ಎಂಬ ಮಾತನ್ನೇ ನೋಡಿ. ತಳಿ ಎನ್ನಬಹುದಾದಲ್ಲಿ ನಾವು ಜಾತಿ ಎನ್ನುತ್ತೇವೆ. ಅದಕ್ಕೆ ಎದುರಾಗಿ ನಿಲ್ಲಿಸಿದ್ದು ‘ಕಂತ್ರಿ’. ಇಂಗ್ಲಿಷಿನವರು ಇಲ್ಲಿನ ನಾಯಿಯನ್ನು ಕಂಟ್ರಿ ಎಂದು ಕರೆದದ್ದೇ ಸವೆದು ಕಂತ್ರಿಯಾಯಿತು ಎಂದು ಹೇಳುತ್ತಾರೆ. ಹಾಗಿದ್ದರೆ ಈ ನೆಲದ್ದು ಎಂಬುದೇ ಬೈಗುಳವಾಯಿತು. ಮಡಿಯ ಮನೆಯೊಳಗೆ ನಾಯಿ ಬರಬಾರದೆಂಬ ಹಳೆಯ ಕಟ್ಟು ಒಂದಿತ್ತು. ಅದನ್ನು ಪಾಲಿಸುವವರೊಡನೆ ನನಗೆ ಜಗಳವಿಲ್ಲ, ಅವರಿಗೆ ಈ ಪತ್ರವೂ ಅಲ್ಲ. ಗೋಲ್ಡನ್ ರಿಟ್ರೀವರ್‌ಗೆ ನಡುಮನೆಯವರೆಗೆ ಸಡಿಲವಾದ ಮಡಿ ಬೀದಿಯ ಕಂದು ಮರಿಗೆ ಮಾತ್ರ ಹೊಸ್ತಿಲಲ್ಲೇ ಬಿಗಿಯಾಗುತ್ತದಲ್ಲ, ಅಲ್ಲಿ ಕೆಲಸ ಮಾಡುತ್ತಿರುವುದು ಮಡಿಯೋ ಬೇರೆ ಏನೋ ಎಂದು ನೀವೇ ಕೇಳಿಕೊಳ್ಳಿ. ಇಲ್ಲಿಂದ ದೂರವೇನಲ್ಲದ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ವೀರಗಲ್ಲೊಂದು ಸಿಕ್ಕಿತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗ ಏನು ಬೇಕೋ ಕೇಳು ಎಂದಾಗ ಮಣಲೇರ ಎಂಬ ವೀರ ಕೇಳಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದಿನ ಕನ್ನಡಿಗರು ನಾಯಿಯನ್ನು ಗುರುತಿಟ್ಟುಕೊಂಡದ್ದು ಅದರ ಹೆಸರಿನಿಂದ, ಅದು ಮಾಡಿದ ಕೆಲಸದಿಂದ.

ತಳಿಯನ್ನು ನೋಡಿದರೆ ಸ್ವಭಾವ ಗೊತ್ತಾಗುತ್ತದೆ, ಆಶ್ರಯಧಾಮದ ನಾಯಿಯ ಹಿಂದು ಮುಂದು ಯಾರಿಗೆ ಗೊತ್ತು? ಇದು ನನಗೆ ಅತ್ಯಂತ ನ್ಯಾಯವಾಗಿ ಕಾಣುವ ಆಕ್ಷೇಪಣೆ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವದ ವಿವರಗಳನ್ನು ಸಾಕಿದವರಿಂದ ಪಡೆದು, ಅವುಗಳಲ್ಲಿ ಎರಡು ಸಾವಿರದಷ್ಟು ನಾಯಿಗಳ ವಂಶವಾಹಿಗಳನ್ನು ಓದಿ ನಡೆಸಿದ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ. 9ರಷ್ಟು ಮಾತ್ರ ಎಂದು ಅದು ಹೇಳಿತು. ಕುರಿ ಕಾಯುವ, ಎಸೆದದ್ದನ್ನು ತಂದುಕೊಡುವ ಗುಣಗಳಲ್ಲಿ ತಳಿಯ ಪ್ರಭಾವ ತುಸು ಹೆಚ್ಚು, ಸಿಟ್ಟಿನ ವಿಷಯದಲ್ಲಿ ಬಹಳ ಕಡಿಮೆ. ಇದು ಎರಡೂ ಕಡೆ ಕೊಯ್ಯುವ ಮಾತು ಎಂಬುದನ್ನೂ ಹೇಳಬೇಕು: ಬೀದಿಯ ನಾಯಿಯೆಲ್ಲ ಸಾಧು ಎನ್ನುವುದಕ್ಕೂ ಇಲ್ಲಿ ಆಧಾರವಿಲ್ಲ, ರಾಟ್‌ವೈಲರ್ ಎಲ್ಲವೂ ಕ್ರೂರ ಎನ್ನುವುದಕ್ಕೂ ಇಲ್ಲ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿದಾಗ, ಸಂಬಂಧಪಟ್ಟ ಯಾರನ್ನೂ ಕೇಳದೆ ಹೊರಡಿಸಿದ್ದೆಂದು ನಮ್ಮ ಹೈಕೋರ್ಟು ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ತಳಿಯನ್ನು ನೋಡಿ ಮಾಡುವ ತೀರ್ಮಾನ ಸರ್ಕಾರದ್ದಾದರೂ ಅಷ್ಟೇ, ಮನೆಯವರದ್ದಾದರೂ ಅಷ್ಟೇ. ಸ್ವಭಾವ ತಿಳಿಯಬೇಕಾದರೆ ಆ ನಾಯಿಯನ್ನೇ ನೋಡಬೇಕು. ಮರಿಯಾದರೆ ತಾಯಿಯನ್ನು ನೋಡಬೇಕು, ಅಪರಿಚಿತರು ಬಂದಾಗ ಆಕೆ ಮೂಲೆಗೆ ಸರಿಯುತ್ತಾಳೋ, ಮೈಮೇಲೆ ಬರುತ್ತಾಳೋ, ಬಂದು ಮೂಸುತ್ತಾಳೋ. ಬೆಳೆದ ನಾಯಿಯಾದರೆ ಅದರ ಗುಣ ಈಗಾಗಲೇ ಹೊರಗೆ ಬಂದಿದೆ. ತಿಂಗಳುಗಟ್ಟಲೆ ಅನ್ನ ಹಾಕಿದ ಆಶ್ರಯಧಾಮದವರು ಹೇಳಬಲ್ಲಷ್ಟನ್ನು ಯಾವ ವಂಶಾವಳಿಯೂ ಹೇಳಲಾರದು.

ಬೆಳೆದ ನಾಯಿಯ ಮಾತು ಬಂತು, ಒಂದು ಸಂಗತಿ ವಿಶೇಷವಾಗಿ ಹೇಳಬೇಕು. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ಗಂಡ ಹೆಂಡತಿ ಇಬ್ಬರೇ ಉಳಿದಿರುವ ಹಳೆಯ ಮನೆಗಳು ನಮ್ಮಲ್ಲಿ ಬಹಳ. ‘ಅಪ್ಪ ಅಮ್ಮನಿಗೆ ಜೊತೆಗಿರಲಿ’ ಎಂದು ಮಕ್ಕಳು ಅಲ್ಲಿಂದಲೇ ದುಡ್ಡು ಕಟ್ಟಿ ಲ್ಯಾಬ್ರಡಾರ್ ಮರಿ ಕಳಿಸುತ್ತಾರೆ. ವರ್ಷ ತುಂಬುವುದರೊಳಗೆ ಆ ಮರಿ ಮೂವತ್ತು ಕಿಲೊ ತೂಗುತ್ತದೆ, ಹಗ್ಗ ಹಿಡಿದವರು ಎಪ್ಪತ್ತು ದಾಟಿದವರು. ಬೀದಿಯಲ್ಲಿ ಒಂದು ಬೆಕ್ಕು ಕಂಡರೆ ಮುಗಿಯಿತು. ಮಾತಾಪಿತೃಭಕ್ತಿ ಮೆಚ್ಚಬೇಕಾದ್ದೇ. ಆದರೆ ಅಂಥ ಮನೆಗೆ ಬೇಕಾದದ್ದು ಐದಾರು ವರ್ಷದ, ಹುಡುಗಾಟ ಮುಗಿದ, ಜಗಲಿಯ ಮೇಲೆ ಸುಮ್ಮನೆ ಮಲಗುವ ನಾಯಿ. ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ. ಆಶ್ರಯಧಾಮಗಳಲ್ಲಿ ಇರುವುದು ಹೆಚ್ಚಾಗಿ ಅಂಥವೇ, ಕೇಳುವವರಿಲ್ಲದೆ ಉಳಿದಿರುವುದೂ ಅವೇ. ಸೂಲು ಸಾಕಾಗಿ ಬ್ರೀಡರುಗಳು ಹೊರಗೆ ಹಾಕಿದ ತಾಯಿನಾಯಿಗಳೂ, ಕೊರೋನಾ ಕಾಲದಲ್ಲಿ ಬೇಸರ ಕಳೆಯಲು ತಂದು ಆಮೇಲೆ ಬೇಡವಾದ ಜಾತಿನಾಯಿಗಳೂ ಅಲ್ಲಿ ಇರುತ್ತವೆ. ಜಾತಿನಾಯಿಯೇ ಬೇಕೆಂಬ ಹಟವಿದ್ದರೂ ದಾರಿ ಇದೆ ಎಂಬುದಕ್ಕೆ ಹೇಳಿದೆ.

ದತ್ತಿನ ಪಕ್ಷದವರ ಮಾತನ್ನೂ ಪರೀಕ್ಷೆಗೆ ಒಡ್ಡದೆ ಬಿಟ್ಟರೆ ಅನ್ಯಾಯವಾದೀತು. ಎಲ್ಲರೂ ಒಂದೊಂದು ನಾಯಿ ದತ್ತು ತಂದರೆ ಬೀದಿನಾಯಿಗಳ ಸಮಸ್ಯೆಯೇ ಇರುವುದಿಲ್ಲ ಎನ್ನುತ್ತಾರೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಬೀದಿನಾಯಿಗಳು ಸುಮಾರು ಒಂದೂವರೆ ಕೋಟಿ. ಮನೆಗೆ ಕರೆತಂದು ತೀರಿಸುವ ಲೆಕ್ಕ ಇದಲ್ಲ. ಒಂದು ಮರಿಯನ್ನು ನೀವು ಎತ್ತಿಕೊಂಡು ಹೋದರೆ, ಅದರ ತಾಯಿ ಆರು ತಿಂಗಳಿಗೆ ಅದೇ ಚರಂಡಿಯ ಪಕ್ಕ ಮತ್ತೆ ಆರು ಹಾಕುತ್ತದೆ. ಇಲ್ಲೂ ಮರೆತದ್ದು ತಾಯಿಯನ್ನೇ. ಬೆಂಗಳೂರಿನಲ್ಲಿ 2019ರಲ್ಲಿ 3.1 ಲಕ್ಷದಷ್ಟಿದ್ದ ಬೀದಿನಾಯಿಗಳು 2023ರ ಸಮೀಕ್ಷೆಯಲ್ಲಿ 2.79 ಲಕ್ಷಕ್ಕೆ ಇಳಿದದ್ದು ಕಂಡಿತು. ಸಮೀಕ್ಷೆಯಲ್ಲಿ ಕಂಡ ನಾಯಿಗಳ ಪೈಕಿ ಶೇ. 70ಕ್ಕೂ ಹೆಚ್ಚಿನವಕ್ಕೆ ಸಂತಾನಹರಣ ಚಿಕಿತ್ಸೆಯಾಗಿತ್ತು. ದತ್ತಿಗೂ ಅದರದೇ ಬೆಲೆಯಿದೆ, ಒಂದು ಜೀವಕ್ಕೆ ಮನೆ ಸಿಗುತ್ತದೆ, ಒಂದು ಸೂಲಿನ ಬೇಡಿಕೆ ತಪ್ಪುತ್ತದೆ. ಆದರೆ ಮರಿಯನ್ನು ತಂದವರು ತಾಯಿಯ ಚಿಕಿತ್ಸೆಗೂ ಹೊಣೆ ಹೊತ್ತರೆ ಮಾತ್ರ ಅದು ಬೀದಿಗೆ ತಟ್ಟುತ್ತದೆ. ಚಿಕಿತ್ಸೆಯಾದ ನಾಯಿಯ ಕಿವಿಯ ಅಂಚನ್ನು ಕತ್ತರಿಸಿ ಗುರುತು ಮಾಡಿರುತ್ತಾರೆ. ನಿಮ್ಮ ಬೀದಿಯ ಹೆಣ್ಣು ನಾಯಿಗೆ ಆ ಗುರುತಿಲ್ಲದಿದ್ದರೆ ಮಹಾನಗರ ಪಾಲಿಕೆಗೆ ತಿಳಿಸಬೇಕಾದವರು ನೀವು. ಚಿಕಿತ್ಸೆ ಮಾಡಿಸಬೇಕಾದದ್ದು ಪಾಲಿಕೆಯ ಕರ್ತವ್ಯ, 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಅದನ್ನೇ ಹೇಳುತ್ತವೆ.

ನಾಯಿಗಳ ಭಯದ ಕಾಲ ಇದು, ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಶಾಲೆಗೆ ನಡೆದು ಹೋಗುವ ಮಗುವಿನ ತಾಯಿಗೆ ನಾಯಿಯ ಮೇಲೆ ಕರುಣೆ ತೋರು ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. 2025ರಲ್ಲಿ ಸುಪ್ರೀಂ ಕೋರ್ಟು ಮೊದಲು ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಲು ಹೇಳಿ, ಆಗಸ್ಟ್ 22ರಂದು ಅದನ್ನು ತಿದ್ದಿ, ಚಿಕಿತ್ಸೆ ಮತ್ತು ಲಸಿಕೆಯಾದವನ್ನು ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ರೇಬೀಸ್ ಇರುವವು, ಮೈಮೇಲೆ ಬೀಳುವವು ಇದಕ್ಕೆ ಹೊರತು. ಆ ಆದೇಶದಲ್ಲೇ ಇನ್ನೊಂದು ಮಾತಿದೆ: ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ಪಾಲಿಕೆಗೆ ಅರ್ಜಿ ಹಾಕಬಹುದು, ಪಡೆದ ಮೇಲೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದು. ಗೇಟಿನ ಹೊರಗೆ ಅನ್ನ ಹಾಕಿ, ಕಚ್ಚಿದಾಗ ‘ನಮ್ಮದಲ್ಲ’ ಎನ್ನುವ ಅರ್ಧ ಸಾಕಣೆ ದತ್ತಲ್ಲ. ಲಸಿಕೆ ಹಾಕಿಸಿ, ಕೊರಳಪಟ್ಟಿ ಕಟ್ಟಿ, ಮನೆಯೊಳಗೆ ಇಟ್ಟುಕೊಂಡ ಬೀದಿಯ ಮರಿ ನಿಮ್ಮ ಪಕ್ಕದ ಮನೆಯ ಪಮೇರಿಯನ್ನಿಗಿಂತ ಹೆಚ್ಚಿನ ಅಪಾಯವೇನೂ ಅಲ್ಲ. ಲಸಿಕೆಯಿಲ್ಲದ ಪಮೇರಿಯನ್ ಕಚ್ಚಿದರೂ ಆಸ್ಪತ್ರೆಗೆ ಓಡಲೇಬೇಕು.

‘ಆಶ್ರಯಧಾಮದವರು ನೂರೆಂಟು ಪ್ರಶ್ನೆ ಕೇಳುತ್ತಾರೆ, ಬಾಡಿಗೆ ಮನೆ ಎಂದರೆ ಹಿಂದೆ ಮುಂದೆ ನೋಡುತ್ತಾರೆ’ ಎಂಬ ದೂರು ಸುಳ್ಳಲ್ಲ. ಕೆಲವು ಕಡೆ ಕನ್ಯೆ ಕೊಡುವವರಿಗಿಂತ ಬಿಗುವು ಹೆಚ್ಚು. ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್‌ನಂಥ ಸಂಸ್ಥೆಗಳಿಗೂ ಬಿಡಿಯಾಗಿ ನಾಯಿಗಳನ್ನು ಉಳಿಸುವವರಿಗೂ ನನ್ನದೊಂದು ವಿನಂತಿ, ವಠಾರದ ಮನೆಯವರೂ ನಾಯಿಯನ್ನು ಚೆನ್ನಾಗಿ ಸಾಕಬಲ್ಲರು, ಕಾಂಪೌಂಡು ಇರುವವರು ಕಟ್ಟಿಹಾಕಿಯೇ ಇಡಲೂ ಬಲ್ಲರು. ಆದರೂ ನಿಮಗೆ ಹೇಳುತ್ತೇನೆ, ಪ್ರಶ್ನೆ ಕೇಳುವವರ ಹತ್ತಿರವೇ ಹೋಗಿ. ದುಡ್ಡು ಎಣಿಸಿಕೊಂಡು ಮರಿಯನ್ನು ಕೊಟ್ಟು ನಿಮ್ಮ ಮನೆ ಎಲ್ಲಿದೆ ಎಂದೂ ಕೇಳದವನಿಗೆ ಆ ಮರಿ ಮರುದಿನ ಬದುಕಿದ್ದರೆಷ್ಟು, ಸತ್ತರೆಷ್ಟು. ದತ್ತು ಎಂದರೆ ಪುಕ್ಕಟೆ ಎಂದೂ ತಿಳಿಯಬೇಡಿ. ಲಸಿಕೆ, ಜಂತುಹುಳುವಿನ ಔಷಧ, ಸಂತಾನಹರಣ, ಹನ್ನೆರಡು ವರ್ಷದ ಅನ್ನ, ಎಲ್ಲ ಖರ್ಚೂ ಜಾತಿನಾಯಿಗೆ ಇದ್ದಷ್ಟೇ.

ತಳಿ ಬೆಳೆಸುವುದೇ ನಿಂತರೆ ಮುಧೋಳದ ಗತಿಯೇನು ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಬಾಗಲಕೋಟೆ ಜಿಲ್ಲೆಯ ಆ ಬೇಟೆನಾಯಿಯನ್ನು ಘೋರ್ಪಡೆ ರಾಜಮನೆತನ ಉಳಿಸಿ ಬೆಳೆಸಿತು, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಅಲ್ಲಿ ತಾಯಿಯೂ ಕಾಣುತ್ತದೆ, ಲೆಕ್ಕವೂ ಇರುತ್ತದೆ. ಆ ಬಗೆಯ ತಳಿ ರಕ್ಷಣೆಗೆ ನನ್ನ ವಿರೋಧವಿಲ್ಲ. ಆದರೆ ಬಯಲುಸೀಮೆಯಲ್ಲಿ ಮೊಲದ ಹಿಂದೆ ಓಡಲೆಂದು ಆದ ನಾಯಿಯನ್ನು ರಾಮಾನುಜ ರಸ್ತೆಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿದರೆ ಅದು ತಳಿ ರಕ್ಷಣೆ ಆಗುವುದಿಲ್ಲ.

ಮಕ್ಕಳ ಹಟದ ಮುಂದೆ ಈ ವಾದವೆಲ್ಲ ನಿಲ್ಲುವುದು ಕಷ್ಟ ಎಂದು ನನಗೂ ಗೊತ್ತು. ಎರಡು ದಶಕದ ಹಿಂದೆ ಮೊಬೈಲು ಕಂಪನಿಯ ಜಾಹೀರಾತಿನಲ್ಲಿ ಒಂದು ಪಗ್ ಹುಡುಗನ ಹಿಂದೆ ನಡೆದದ್ದೇ ದೇಶದ ತುಂಬ ಪಗ್‌ಗಳಾದವು. 2022ರಲ್ಲಿ ‘777 ಚಾರ್ಲಿ’ ನೋಡಿ ಕನ್ನಡನಾಡು ಕಣ್ಣೊರೆಸಿಕೊಂಡಿತು. ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಕ್ರೂರಿ ಬ್ರೀಡರನೊಬ್ಬನ ಗೂಡಿನಿಂದ, ಆ ಕತೆಯ ಹೊಟ್ಟೆಯೊಳಗಿರುವ ಸಂಕಟವೇ ಅದು. ಮಕ್ಕಳಿಗೆ ನೆನಪುಳಿದದ್ದು ಲ್ಯಾಬ್ರಡಾರ್ ಎಂಬ ಹೆಸರು. ನಿಮ್ಮ ಮನೆಯ ಮಗು ಚಾರ್ಲಿ ಬೇಕೆಂದು ಕೇಳಿದರೆ ಆ ಚಿತ್ರವನ್ನು ಇನ್ನೊಮ್ಮೆ ಜೊತೆಯಲ್ಲಿ ಕೂತು ನೋಡಿ, ಗೂಡಿನ ದೃಶ್ಯ ಬಂದಾಗ ಎದ್ದು ಕಾಫಿ ಮಾಡಲು ಹೋಗಬೇಡಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂಗಡ ಕಳಿಸುವ ಮೊದಲು ಒಂದು ಭಾನುವಾರ ಮನೆಯವರೆಲ್ಲ ಸೇರಿ ಆಶ್ರಯಧಾಮಕ್ಕೆ ಹೋಗಿ ಬನ್ನಿ, ಅಂದೇ ತರಬೇಕೆಂದಿಲ್ಲ. ನಿಮ್ಮ ಬೀದಿಯಲ್ಲೇ ಮರಿಗಳಿದ್ದರೆ ಎಂಟು ವಾರ ತಾಯಿಯ ಜೊತೆ ಬಿಟ್ಟು ಆಮೇಲೆ ತನ್ನಿ, ತಾಯಿಗೆ ಚಿಕಿತ್ಸೆ ಮಾಡಿಸಿ. ಕೊಳ್ಳಲೇಬೇಕೆಂದಾದರೆ ಮರಿ ಹುಟ್ಟಿದ ಜಾಗಕ್ಕೇ ಹೋಗಿ, ತಾಯಿಯ ಹತ್ತಿರ ಹತ್ತು ನಿಮಿಷ ಕೂತುಕೊಳ್ಳಿ, ಮಂಡಳಿಯ ನೋಂದಣಿ ಪತ್ರ ಕೇಳಿ, ಇದು ಎಷ್ಟನೇ ಸೂಲು ಎಂದು ಕೇಳಿ. ‘ತಾಯಿ ಊರಲ್ಲಿದೆ’, ‘ತಾಯಿ ಕಚ್ಚುತ್ತೆ ಸಾರ್’, ‘ನಾವೇ ತಂದುಕೊಡ್ತೀವಿ, ನೀವ್ಯಾಕೆ ತೊಂದರೆ ತಗೋತೀರಿ’, ಈ ಮೂರರಲ್ಲಿ ಯಾವ ಉತ್ತರ ಬಂದರೂ ಫೋನ್ ಇಟ್ಟುಬಿಡಿ. ಮನೆಗೆ ತಂದ ನಾಯಿ ಹೆಣ್ಣಾಗಲಿ ಗಂಡಾಗಲಿ ಅದಕ್ಕೆ ಸಂತಾನಹರಣ ಮಾಡಿಸಿ. ‘ಒಂದು ಸಲ ಮರಿ ಹಾಕಲಿ, ನೆಂಟರಿಗೆ ಕೊಡೋಣ’ ಎಂಬ ಮಾತಿನಿಂದಲೇ ಎಷ್ಟೋ ಮನೆಗಳು ಗೊತ್ತಿಲ್ಲದೆ ಬ್ರೀಡರುಗಳಾಗಿವೆ. ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ಒಂದು ಹಾಳೆ ತೆಗೆದುಕೊಂಡು ಬೆಳಗಿನ ಆರಕ್ಕೆ ಹೊರಗೆ ಕರೆದೊಯ್ಯುವವರು ಯಾರು, ಮಲ ಎತ್ತುವವರು ಯಾರು, ತಿರುಪತಿಗೋ ಮದುವೆಗೋ ಎಲ್ಲರೂ ಹೊರಟಾಗ ಮನೆಯಲ್ಲಿ ಉಳಿಯುವವರು ಯಾರು ಎಂದು ಬರೆದು, ಎದುರಿಗೆ ಹೆಸರು ಹಾಕಿ. ಮೂರೂ ಕಡೆ ಅಮ್ಮನ ಹೆಸರೇ ಬಂದಿದ್ದರೆ, ಈ ವರ್ಷ ನಾಯಿ ತರುವುದನ್ನು ದಯವಿಟ್ಟು ಮುಂದಕ್ಕೆ ಹಾಕಿ.

ಇತಿ ತಮ್ಮ ವಿಶ್ವಾಸಿ,
ಅಗ್ರಹಾರದ ನಿಮ್ಮ ನೆರೆಯವರಲ್ಲೊಬ್ಬರು
ಮೈಸೂರು